ಒಂದು ಸೀಟು, ನಾಲ್ಕು ಮಂದಿ

1/8
ಹೋದ ವಾರ ಸ್ಟೋರಿಗೆ ಶುಭಾಂಶು ಶುಕ್ಲಾ ಅವರ ಫೋಟೋ ಹಾಕಿದ್ದೆ. ನಿಮ್ಮಲ್ಲಿ ಭಾಳ ಮಂದಿ ಒಂದೇ ಪ್ರಶ್ನೆ ಕಳಿಸಿದ್ರಿ: "ಗಗನಯಾತ್ರಿ ಆಗಾಕ ಯಾವ ಕೋರ್ಸ್ ಮಾಡ್ಬೇಕು?"

ಹುಬ್ಬಳ್ಳಿ-ಧಾರವಾಡದ ಅಷ್ಟೂ ಕಾಲೇಜಿನ ಪ್ರಾಸ್ಪೆಕ್ಟಸ್ ತೆಗೆದು ನೋಡ್ರಿ, ಆ ಹೆಸರಿನ ಬ್ರಾಂಚ್ ಸಿಗೂದಿಲ್ಲ. ಆದರೆ ಒಂದು ದಾರಿ ಮಾತ್ರ ಕಾಣುತ್ತದೆ. 1984ರ ಏಪ್ರಿಲ್ 3ರಂದು ಸೋಯುಜ್ ಟಿ-11 ನೌಕೆಯಲ್ಲಿ ಹೋದ ರಾಕೇಶ್ ಶರ್ಮಾ ವಾಯುಪಡೆಯ ಟೆಸ್ಟ್ ಪೈಲಟ್. ನಲವತ್ತೊಂದು ವರ್ಷ ಬಿಟ್ಟು 2025ರ ಜೂನ್ 25ರಂದು ಹೋದ ಶುಕ್ಲಾ ಕೂಡ ಟೆಸ್ಟ್ ಪೈಲಟ್. ನಮ್ಮ ಗಗನಯಾನಕ್ಕೆ ಆಯ್ಕೆ ಆದ ನಾಲ್ಕು ಜನ, ಪ್ರಶಾಂತ್ ಬಾಲಕೃಷ್ಣನ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್, ಶುಭಾಂಶು ಶುಕ್ಲಾ, ನಾಲ್ವರೂ ಟೆಸ್ಟ್ ಪೈಲಟ್‌ಗಳೇ.

ಹಾಗಾದ್ರೆ ಕೇಳಬೇಕಾದ ಪ್ರಶ್ನೆ ಬೇರೆ. ಟೆಸ್ಟ್ ಪೈಲಟ್ ಅಂದ್ರ ಯಾರು? ಅವರು ದಿನಾ ಮಾಡೋ ಕೆಲಸ ಏನು? ಯಾಕ ಅವರನ್ನೇ ಆರಿಸ್ತಾರ? ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ, ನನಗೆ ಮಾತ್ರ ಅದೇ ತಲೆಯೊಳಗೆ ಕೂತಿದೆ: ನಾಲ್ಕು ಮಂದಿ ತಯಾರಾಗಿ ಒಬ್ಬರೇ ಹೋದಾಗ ಉಳಿದ ಮೂರು ಮಂದಿ ಏನಾಗ್ತಾರ?

ಎಂಟು ಪೋಸ್ಟ್ ಆಗ್ತದ. ಪುರುಸೊತ್ತು ಮಾಡ್ಕೊಂಡು ಓದ್ರಿ.

2/8
ಗಾಡಿ ರಿಪೇರಿ ಆದ ಮೇಲೆ ಗ್ಯಾರೇಜಿನವರು "ಒಂದ್ ರೌಂಡ್ ಹೊಡ್ಕೊಂಡ್ ಬರ್ರಿ" ಅಂತಾರಲ್ಲ? ನಾವು ನವನಗರದಿಂದ ಭೈರಿದೇವರಕೊಪ್ಪದ ತನಕ ಹೋಗಿ ಬಂದು "ಯಾಕೋ ಸರಿ ಅನ್ನಿಸ್ವಲ್ದು" ಅಂತೀವಿ. ಮೆಕ್ಯಾನಿಕ್ ತಲೆ ಕೆರ್ಕೋತಾನ. "ಯಾಕೋ" ಅಂದ್ರ ಅವನು ಯಾವ ನಟ್ ತಿರುವಬೇಕು?

ಟೆಸ್ಟ್ ಪೈಲಟ್ "ಯಾಕೋ" ಅನ್ನೋ ಹಂಗಿಲ್ಲ. ಎಷ್ಟು ಎತ್ತರದಲ್ಲಿ, ಎಷ್ಟು ವೇಗದಲ್ಲಿ, ಯಾವ ಕಡೆ ತಿರುಗಿಸಿದಾಗ, ಎಷ್ಟು ಹೊತ್ತು ನಡುಗಿತು, ಕೈಗೆ ಎಷ್ಟು ಬಿಗಿ ಬಂತು, ಇಷ್ಟನ್ನೂ ಹೇಳಬೇಕು. ಹಾರುವ ಮೊದಲೇ ಒಂದು ಟೆಸ್ಟ್ ಕಾರ್ಡ್ ತಯಾರಾಗಿರುತ್ತದೆ. ಇವತ್ತು ಈ ವೇಗದವರೆಗೆ ಮಾತ್ರ, ಮುಂದಿನ ಸಲ ಅದಕ್ಕಿಂತ ಸ್ವಲ್ಪ ಹೆಚ್ಚು. ವಿಮಾನದ ಮಿತಿ ಎಲ್ಲಿದೆ ಅಂತ ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ ಹುಡುಕ್ತಾರೆ. ಕೆಳಗೆ ಕೋಣೆಯಲ್ಲಿ ಕೂತ ಎಂಜಿನಿಯರುಗಳು ಪರದೆ ಮೇಲೆ ಅದೇ ಹೊತ್ತಿಗೆ ಅಂಕಿಗಳನ್ನು ನೋಡ್ತಿರ್ತಾರೆ.

ವಿಮಾನ ಕೈಗೆ ಹೇಗೆ ಸಿಗುತ್ತದೆ ಅಂತ ಹೇಳೋಕೆ ಕೂಪರ್-ಹಾರ್ಪರ್ ಅನ್ನೋ ಅಳತೆ ಇದೆ, 1969ರದ್ದು. 1 ಅಂದ್ರ ಅತ್ಯುತ್ತಮ, 10 ಅಂದ್ರ ಕೈ ಮೀರಿತು. ಅಂಕಿ ಕೊಡೋ ಮೊದಲು ಪೈಲಟ್ ತನಗೇ ಮೂರು ಪ್ರಶ್ನೆ ಹಾಕ್ಕೋಬೇಕು. ಇದನ್ನು ಹಿಡಿತದಲ್ಲಿ ಇಟ್ಟುಕೊಳ್ಳೋಕೆ ಆಗ್ತದಾ? ತಾಳಬಹುದಾದ ಶ್ರಮದಲ್ಲಿ ಕೆಲಸ ಮುಗೀತದಾ? ಏನೂ ಬದಲಿಸದೆ ಹೀಗೇ ಬಿಡಬಹುದಾ? ಪೈಲಟ್ ಎಂಥ ಧೀರ ಅಂತ ಈ ಅಳತೆ ಕೇಳೂದೇ ಇಲ್ಲ.

ಇದನ್ನು ಕಲಿಸೋ ಶಾಲೆ ನಮ್ಮ ಬೆಂಗಳೂರಲ್ಲೇ ಇದೆ. ವಾಯುಪಡೆಯ ವಿಮಾನ ಪರೀಕ್ಷಾ ಸಂಸ್ಥೆ, ಎಎಸ್‌ಟಿಇ, ಎಚ್‌ಎಎಲ್ ಹಳೇ ಏರ್‌ಪೋರ್ಟಿನ ಮಗ್ಗುಲಲ್ಲಿ. ಅದರೊಳಗೇ ಟೆಸ್ಟ್ ಪೈಲಟ್ ಶಾಲೆ. ಇಂಥ ಶಾಲೆಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ತೇಜಸ್ ಮೊದಲ ಸಲ ಹಾರಿದ್ದೂ ಅದೇ ರನ್‌ವೇಯಿಂದ, 2001ರ ಜನವರಿ 4ರಂದು. ಓಡಿಸಿದವರು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್. ಹಾರಿದ್ದು 18 ನಿಮಿಷ. ಅದರ ಹಿಂದೆ ಇದ್ದದ್ದು ಎಷ್ಟೋ ವರ್ಷದ ಕೆಲಸ.

3/8
ಈ ಕೆಲಸದ ಬೆಲೆಯನ್ನೂ ಹೇಳಬೇಕು. ಬರೇ ರೀಲ್ಸ್ ನೋಡಿದ್ರ ಅದು ತಿಳಿಯೂದಿಲ್ಲ.

ಬೆಂಗಳೂರಿಗೆ ಹೋದವರು ಸುರಂಜನ್ ದಾಸ್ ರಸ್ತೆ ಅನ್ನೋ ಬೋರ್ಡ್ ನೋಡಿರ್ತೀರಿ, ಹಳೇ ಮದ್ರಾಸ್ ರಸ್ತೆಗೆ ಕೂಡ್ತದ. ನಮ್ಮ ದೇಶದಲ್ಲೇ ಅಭಿವೃದ್ಧಿಪಡಿಸಿದ ಮೊದಲ ಯುದ್ಧವಿಮಾನ ಎಚ್‌ಎಫ್-24 ಮಾರುತ್ ಅನ್ನು 1961ರ ಜೂನ್ 17ರಂದು ಮೊದಲು ಹಾರಿಸಿದವರು ಅವರು. 1970ರ ಜನವರಿ 10ರಂದು ಅದೇ ಮಾರುತ್‌ನ ಹೊಸ ರೂಪವನ್ನು ಪರೀಕ್ಷಿಸುವಾಗ ತೀರಿಕೊಂಡರು. 2009ರ ಮಾರ್ಚ್ 6ರಂದು ಬಿಡದಿ ಹತ್ತಿರ ಸರಸ್ ವಿಮಾನ ಬಿದ್ದು, ಪರೀಕ್ಷೆಗೆ ಹೋಗಿದ್ದ ವಾಯುಪಡೆಯ ಮೂವರು ಹೋದರು. 2019ರ ಫೆಬ್ರವರಿ 1ರಂದು ಎಚ್‌ಎಎಲ್ ರನ್‌ವೇಯಲ್ಲೇ ಮಿರಾಜ್ 2000 ಅಪಘಾತ. ಸಮೀರ್ ಅಬ್ರೋಲ್, ಸಿದ್ಧಾರ್ಥ ನೇಗಿ, ಇಬ್ಬರೂ ಟೆಸ್ಟ್ ಪೈಲಟ್‌ಗಳು.

ಆ 2019ರಲ್ಲೇ ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಗಗನಯಾನಕ್ಕೆ ಪೈಲಟ್‌ಗಳ ಆಯ್ಕೆ ನಡೀತು. ಟೆಸ್ಟ್ ಪೈಲಟ್‌ಗಳದು ಸಣ್ಣ ಬಳಗ. ಆಯ್ಕೆಗೆ ಬಂದವರಿಗೆ ಹೋದವರು ಯಾರೋ ದೂರದವರಲ್ಲ.

ಇದನ್ನು ಬರೆದದ್ದು ನಿಮ್ಮನ್ನು ಹೆದರಿಸಾಕ ಅಲ್ಲ. "ಅಂಜಿಕಿ ಇಲ್ಲದ ಮಂದಿ" ಅಂತ ಅವರನ್ನು ಹೊಗಳಿಬಿಟ್ಟರೆ ಅವರ ಕೆಲಸವನ್ನೇ ತಪ್ಪು ತಿಳಿದ ಹಾಗೆ. ಏನು ಕೆಡಬಹುದು ಅಂತ ಎಲ್ಲರಿಗಿಂತ ಹೆಚ್ಚು ಗೊತ್ತಿರೋದು ಅವರಿಗೇ. ಗೊತ್ತಿದ್ದೂ ಹತ್ತುತ್ತಾರೆ, ಇಳಿದ ಮೇಲೆ ಕಂಡದ್ದನ್ನು ಕಂಡ ಹಾಗೇ ಬರೀತಾರೆ. ನಾಳೆ ಅದೇ ವಿಮಾನವನ್ನು ಇಪ್ಪತ್ತೆರಡು ವರ್ಷದ ಹುಡುಗನೋ ಹುಡುಗಿಯೋ ಓಡಿಸಬೇಕಲ್ಲ, ಅವರ ಜೀವ ಈ ಬರವಣಿಗೆಯ ಮೇಲೆ ನಿಂತಿರ್ತದ.

4/8
ಈಗ ಶುಕ್ಲಾ ಅವರ ಲೆಕ್ಕ ಹಾಕೋಣ. ವರ್ಷಗಳನ್ನು ಗಮನಿಸ್ರಿ.

1985ರಲ್ಲಿ ಲಖನೌದಲ್ಲಿ ಹುಟ್ಟು. ಎನ್‌ಡಿಎ ಓದಿ 2006ರ ಜೂನ್‌ನಲ್ಲಿ ವಾಯುಪಡೆಯ ಫೈಟರ್ ವಿಭಾಗಕ್ಕೆ ಸೇರಿದರು. ಆಮೇಲೆ ಮಿಗ್-21, ಮಿಗ್-29, ಸುಖೋಯ್-30, ಜಾಗ್ವಾರ್, ಹಾಕ್, ಡಾರ್ನಿಯರ್, ಎಎನ್-32 ಹೀಗೆ ಒಂದಕ್ಕೊಂದು ಸಂಬಂಧ ಇಲ್ಲದ ವಿಮಾನಗಳಲ್ಲಿ ಸುಮಾರು 2,000 ಗಂಟೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಏರೋಸ್ಪೇಸ್ ಎಂ.ಟೆಕ್. 2019ರಲ್ಲಿ ಆಯ್ಕೆ. 2020ರ ಫೆಬ್ರವರಿಯಿಂದ ಒಂದು ವರ್ಷದ ಮೇಲೆ ರಷ್ಯಾದ ಗಗಾರಿನ್ ಕೇಂದ್ರದಲ್ಲಿ ತರಬೇತಿ, ನಡುವೆ ಕೊರೊನಾ ಬಂದು ತಡೆಯಿತು. ತಿರುಗಿ ಬಂದು ಬೆಂಗಳೂರಿನಲ್ಲಿ ಇಸ್ರೋ ತರಬೇತಿ. ಇಷ್ಟೆಲ್ಲ ನಡೆಯುವಾಗ ಹೊರಗಿನವರಿಗೆ ಅವರ ಹೆಸರೇ ಗೊತ್ತಿರಲಿಲ್ಲ. ನಾಲ್ವರ ಹೆಸರು ಬಹಿರಂಗ ಆದದ್ದು 2024ರ ಫೆಬ್ರವರಿ 27ರಂದು, ತಿರುವನಂತಪುರದಲ್ಲಿ.

ಅಂದ್ರ ಸುಮಾರು ಐದು ವರ್ಷ ಸ್ಟೇಟಸ್ ಇಲ್ಲ, ಪೋಸ್ಟ್ ಇಲ್ಲ, "ನಾನು ಸೆಲೆಕ್ಟ್ ಆದೆ" ಅಂತ ಹೇಳ್ಕೊಳ್ಳೋ ಹಂಗಿಲ್ಲ. ನಾವಾಗಿದ್ರ?

ಆಕ್ಸಿಯಂ-4ರಲ್ಲಿ ಶುಕ್ಲಾ ಪೈಲಟ್. ಕಮಾಂಡರ್ ಪೆಗ್ಗಿ ವಿಟ್ಸನ್, ಜೊತೆಗೆ ಪೋಲೆಂಡ್ ಮತ್ತು ಹಂಗೇರಿಯ ಒಬ್ಬೊಬ್ಬರು. ಡ್ರ್ಯಾಗನ್ ನೌಕೆ ತಾನೇ ಹೋಗಿ ನಿಲ್ದಾಣಕ್ಕೆ ಕೂಡಿಕೊಳ್ತದ, ಮತ್ತೆ ಪೈಲಟ್ ಯಾಕ? ಯಂತ್ರ ಸರಿಯಾಗಿ ಮಾಡ್ತಿದೆಯಾ ಅಂತ ಕಣ್ಣಿಟ್ಟು ನೋಡೋಕೆ, ತಪ್ಪಿದ್ದು ಕಂಡ ತಕ್ಷಣ ಹೇಳೋಕೆ, ಬೇಕಾದ್ರ ಕೈ ಹಾಕೋಕೆ. ಟೆಸ್ಟ್ ಪೈಲಟ್ ಇಡೀ ಜೀವನ ಮಾಡಿಕೊಂಡು ಬಂದದ್ದು ಇದನ್ನೇ.

ವಾಯುಪಡೆ ಸೇರಿ 19 ವರ್ಷ. ನಿಲ್ದಾಣದಲ್ಲಿ ಇದ್ದದ್ದು 18 ದಿನ.

5/8
ಆ 18 ದಿನಕ್ಕೂ ಸುಲಭಕ್ಕೆ ಹೊರಡೋಕೆ ಆಗಲಿಲ್ಲ. ಮೇ 29 ಅಂದರು. ಜೂನ್ 8 ಅಂದರು, ಆಮೇಲೆ 10. ಹವಾಮಾನ ಸರಿ ಇಲ್ಲ, 11 ಅಂದರು. ಆಗ ಫಾಲ್ಕನ್-9 ರಾಕೆಟ್ಟಿನಲ್ಲಿ ದ್ರವ ಆಮ್ಲಜನಕ ಸೋರ್ತಿರೋದು ಗೊತ್ತಾಯಿತು. ಅಲ್ಲೇ ಇದ್ದ ಇಸ್ರೋ ಅಧ್ಯಕ್ಷ ವಿ. ನಾರಾಯಣನ್ ಮತ್ತು ಅವರ ತಂಡ ಸೋರಿಕೆ ಪೂರ್ತಿ ಸರಿಮಾಡಿ ಪರೀಕ್ಷಿಸಲೇಬೇಕು ಅಂತ ಪಟ್ಟು ಹಿಡಿದರು. ಅದು ಮುಗಿಯೋ ಹೊತ್ತಿಗೆ ಬಾಹ್ಯಾಕಾಶ ನಿಲ್ದಾಣದ ರಷ್ಯಾ ಭಾಗದ ಸೋರಿಕೆಯ ವಿಷಯ ಬಂತು. ಮತ್ತೆ ಮುಂದಕ್ಕೆ. ಸುಮಾರು ಒಂದು ತಿಂಗಳು ನಾಲ್ವರೂ ಕ್ವಾರಂಟೈನ್‌ನಲ್ಲೇ ಇದ್ದರು.

ಆ ದಿನಗಳಲ್ಲಿ ಕಮೆಂಟುಗಳನ್ನು ಓದಿದ್ದೀರೇನು? "ಇವರ ಕಡೆಯಿಂದ ಆಗೂದಿಲ್ಲ ಬಿಡ್ರಿ" ಅಂತ ನಗೆಚಾಟಿಕೆ.

ನಮ್ಮಲ್ಲಿ ಮದುವಿ ಮುಹೂರ್ತ ತಪ್ಪಿದ್ರ ಅಪಶಕುನ ಅಂತಾರ. ರಾಕೆಟ್ ವಿಷಯದಾಗ ಮುಹೂರ್ತ ಬಿಟ್ಟುಕೊಡೂದೇ ಶಾಣ್ಯಾತನ. ಟಿವಿಯವರು ಕಾಯ್ತಿದ್ದಾರೆ, ಮನೆಯವರು ಫ್ಲಾರಿಡಾಕ್ಕೆ ಬಂದು ಕೂತಿದ್ದಾರೆ, ಎರಡು ದೇಶದ ಮರ್ಯಾದೆ ಪ್ರಶ್ನೆ. ಅಂಥ ಹೊತ್ತಿನಲ್ಲಿ "ಇವತ್ತು ಬ್ಯಾಡ" ಅನ್ನೋಕೆ ಗಟ್ಟಿ ಎದೆ ಬೇಕು.

ಕಡೆಗೆ ಜೂನ್ 25, ನಮ್ಮ ಮಧ್ಯಾಹ್ನ 12:01ಕ್ಕೆ ಹಾರಿತು. ಮರುದಿನ ಸಂಜೆ ನಾಲ್ಕರ ಸುಮಾರಿಗೆ ನಿಲ್ದಾಣಕ್ಕೆ ಕೂಡಿಕೊಂಡಿತು. ಜುಲೈ 15ರಂದು ಸ್ಯಾನ್ ಡಿಯಾಗೋ ಹತ್ತಿರ ಸಮುದ್ರಕ್ಕೆ ಇಳಿದರು. ತಿರುಗಿ ಬಂದ ಮೇಲೆ ಶುಕ್ಲಾ ಒಂದು ಮಜಾ ಹೇಳಿದ್ರು: ಹಾಸಿಗೆ ಮೇಲೆ ಕೂತು ಲ್ಯಾಪ್‌ಟಾಪ್ ಮುಚ್ಚಿ, ಗಾಳಿಯೊಳಗ ತೇಲ್ತದ ಅಂತ ಪಕ್ಕಕ್ಕೆ ಬಿಟ್ಟೇಬಿಟ್ಟರಂತೆ! ಪುಣ್ಯಕ್ಕೆ ಕೆಳಗೆ ಕಾರ್ಪೆಟ್ ಇತ್ತು.

6/8
ಈ ಪೋಸ್ಟಿನ ಫೋಟೋ ನಮ್ಮ ಅಡುಗೆಮನೆಯದು. ಮೆಂತೆಕಾಳು, ಹೆಸರುಕಾಳು. ಯಾಕಂದ್ರ ಶುಕ್ಲಾ ನಿಲ್ದಾಣದಲ್ಲಿ ಮೊಳಕೆ ಬರಿಸಿದ್ದು ಇವೇ ಎರಡನ್ನು, ಮತ್ತು ಆ ಪ್ರಯೋಗ ನಮ್ಮ ಧಾರವಾಡದ್ದು.

ಖರೇನ ಹೇಳಾಕತ್ತೀನಿ. ಭಾರತದಿಂದ ಆ ಯಾತ್ರೆಗೆ ಹೋದ ಏಳು ಪ್ರಯೋಗಗಳಲ್ಲಿ ಒಂದು ಧಾರವಾಡ ಕೃಷಿ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿ ಮತ್ತು ಐಐಟಿ ಧಾರವಾಡದ ಸುಧೀರ್ ಸಿದ್ದಾಪುರೆಡ್ಡಿ ಅವರ ನೇತೃತ್ವದ್ದು. ನವನಗರ ಸ್ಟಾಪಿನಲ್ಲಿ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಇಳಿದ್ರ, ಅಲ್ಲಿಂದ ಬೆಳಗಾವಿ ರಸ್ತೆ ಕಡೆಗೆ ಎರಡೂ ಕ್ಯಾಂಪಸ್.

ಕಾಳು ಮೊಳೆಸೂದರಾಗ ಏನು ದೊಡ್ಡದೈತಿ ಅಂತೀರಾ? ನಮ್ಮನ್ಯಾಗ ರಾತ್ರಿ ನೆನೆಹಾಕಿ, ಬೆಳಿಗ್ಗೆ ಅರಿವೆಯಾಗ ಕಟ್ಟಿ ಇಟ್ರ ಮುಗೀತು. ನೀರು ಕೆಳಗೆ ಬಸೀತದ, ಬೇರು ಕೆಳಗೆ ಹೋಗ್ತದ. ಆ "ಕೆಳಗೆ" ಅನ್ನೋದು ಬೇರಿಗೆ ಹೇಗೆ ಗೊತ್ತು? ಬೇರಿನ ತುದಿಯ ಜೀವಕೋಶಗಳಲ್ಲಿ ಪಿಷ್ಟದ ಸಣ್ಣ ಹರಳುಗಳಿರ್ತಾವ, ಅವು ತೂಕಕ್ಕೆ ತಳಕ್ಕೆ ಕೂಡ್ತಾವ, ಬೇರು ಆ ದಿಕ್ಕನ್ನು ಹಿಡೀತದ. ನಿಲ್ದಾಣದಲ್ಲಿ ತೂಕವೇ ಇಲ್ಲದಂಥ ಸ್ಥಿತಿ, ಕೆಳಗೆ ಅನ್ನೋದೇ ಇಲ್ಲ. ನೀರೂ ಬಸಿಯೂದಿಲ್ಲ, ಸಿಕ್ಕಲ್ಲಿ ಅಂಟಿಕೊಂಡು ನಿಲ್ತದ. ಅಲ್ಲಿ ಕಾಳು ಹೇಗೆ ಮೊಳೀತದ, ಅದರ ಪೌಷ್ಟಿಕತೆ, ಅದರ ಮೇಲಿನ ಸೂಕ್ಷ್ಮಜೀವಿಗಳು, ಮುಂದಿನ ಪೀಳಿಗೆಯ ಗಿಡಗಳು ಹೇಗಿರ್ತಾವ ಅಂತ ನೋಡೋದು ಈ ಕೆಲಸ. ತಿಂಗಳುಗಟ್ಟಲೆ ಅಲ್ಲಿರೋರಿಗೆ ತಾಜಾ ಹಸಿರು ಬೇಕಲ್ಲ?

ಶುಕ್ಲಾ ಪುಟ್ಟ ತಟ್ಟೆಗಳಲ್ಲಿ ಕಾಳು ಮೊಳೆಸಿದರು, ಫೋಟೋ ತೆಗೆದರು, ಮೊಳಕೆಗಳನ್ನು ಫ್ರೀಜರಿನಲ್ಲಿಟ್ಟರು. ಸುಖೋಯ್ ಓಡಿಸಿದ ಕೈ ಅದು. ಹೇಳಿದ ಹೊತ್ತಿಗೆ, ಹೇಳಿದ ರೀತಿಯಲ್ಲಿ, ಕಂಡದ್ದನ್ನು ದಾಖಲಿಸೋದು. ಎರಡನೇ ಪೋಸ್ಟಿನ ಟೆಸ್ಟ್ ಕಾರ್ಡ್ ನೆನಪಾಯ್ತಾ?

ಇನ್ನೊಂದು ಮಾತು. ಮೇಲೆ ಮೊಳೆತ ಕಾಳು ಬೇರೆ ಥರ ಆಗಿದೆಯೋ ಇಲ್ಲವೋ ಅಂತ ಹೇಳಬೇಕಾದ್ರ, ನೆಲದ ಮೇಲೆ ಮೊಳೆತ ಅದೇ ಜಾತಿಯ ಕಾಳೂ ಬೇಕು. ಅದಿಲ್ಲದಿದ್ರ ಮೇಲೆ ಹೋಗಿ ಬಂದದ್ದಕ್ಕೆ ಅರ್ಥ ಬರೂದಿಲ್ಲ.

7/8
ಈಗ ಮೊದಲ ಪೋಸ್ಟಿನ ಪ್ರಶ್ನೆಗೆ ಬರ್ತೀನಿ.

ಪ್ರಶಾಂತ್ ಬಾಲಕೃಷ್ಣನ್ ನಾಯರ್, ಕೇರಳದವರು, ಹುಟ್ಟಿದ್ದು 1976. ಶುಕ್ಲಾ ಅವರಿಗಿಂತ ಒಂಬತ್ತು ವರ್ಷ ಹಿರಿಯರು, ವಾಯುಪಡೆಗೂ ಏಳೆಂಟು ವರ್ಷ ಮೊದಲೇ ಬಂದವರು. ಏರ್‌ಫೋರ್ಸ್ ಅಕಾಡೆಮಿಯಲ್ಲಿ ಸ್ವೋರ್ಡ್ ಆಫ್ ಆನರ್, ಸುಮಾರು 3,000 ಗಂಟೆ ಹಾರಾಟ. ಆಕ್ಸಿಯಂ-4ಕ್ಕೆ ಅವರು ಶುಕ್ಲಾ ಅವರ ಬ್ಯಾಕಪ್. ಶುಕ್ಲಾ ಜೊತೆ ಅಮೆರಿಕದಲ್ಲಿ ತರಬೇತಿ ಪಡೆದವರು. ಕಡೇ ಗಳಿಗೆಯಲ್ಲಿ ಶುಕ್ಲಾ ಅವರಿಗೆ ಜ್ವರ ಬಂದಿದ್ರ ಇವರು ಹೋಗಬೇಕಿತ್ತು. ಬರಲಿಲ್ಲ. ಇವರು ನೆಲದ ಮೇಲೆ ಉಳಿದರು.

1984ರಲ್ಲೂ ಹೀಗೇ. ರಾಕೇಶ್ ಶರ್ಮಾ ಜೊತೆ ರವೀಶ್ ಮಲ್ಹೋತ್ರಾ ಅದೇ ರಷ್ಯನ್ ಭಾಷೆ ಕಲಿತು ಅದೇ ತರಬೇತಿ ಮುಗಿಸಿದ್ದರು. ಸೀಟು ಒಂದೇ. ಶರ್ಮಾ ಅವರಿಗೆ ಅಶೋಕ ಚಕ್ರ, ಮಲ್ಹೋತ್ರಾ ಅವರಿಗೆ ಕೀರ್ತಿ ಚಕ್ರ ಸಿಕ್ಕಿತು. ಮುಂದೆ ಮಲ್ಹೋತ್ರಾ ಬೆಂಗಳೂರಿನಲ್ಲಿ ವಿಮಾನದ ಭಾಗ ತಯಾರಿಸೋ ಉದ್ಯಮದಲ್ಲಿ ವರ್ಷಗಟ್ಟಲೆ ದುಡಿದರು. ಕ್ವಿಜ್‌ನಲ್ಲಿ ಅವರ ಹೆಸರು ಕೇಳಿದ್ರ ನಮ್ಮಲ್ಲಿ ಎಷ್ಟು ಮಂದಿ ಕೈ ಎತ್ತತೀವಿ?

ಗಗನಯಾನದ್ದೂ ಅದೇ ಕಥೆ. 2018ರ ಆಗಸ್ಟ್ 15ರಂದು ಘೋಷಣೆ ಆದಾಗ 2022ರೊಳಗೆ ಅಂದಿದ್ದರು. ಆ ವರ್ಷ ದಾಟಿ ಹೋಯಿತು. ಆದ್ರೂ ನಾಲ್ವರೂ ತಯಾರಾಗೇ ಇರಬೇಕು. ಓಡೋದು, ಈಜೋದು, ಸಿಮ್ಯುಲೇಟರ್, ವೈದ್ಯಕೀಯ ತಪಾಸಣೆ ಯಾವುದೂ ನಿಲ್ಲೂ ಹಂಗಿಲ್ಲ. ಯಾವ ದಿನ ಕರೀತಾರೋ, ಯಾರನ್ನ ಕರೀತಾರೋ.

ಇದನ್ನೆಲ್ಲ ಯಾಕ ಬರೀತಿದೀನಿ ಅಂದ್ರ, ರಿಸಲ್ಟ್ ಬಂದ ಮೇಲೆ ನಮ್ಮ ಕ್ಲಾಸ್ ಗ್ರೂಪು ನೋಡ್ರಿ. ಸಿಕ್ಕವರ ಫೋಟೋ, ಪೇಢೆ, ಹಾರ. ಸಿಗದೇ ಇದ್ದವರ ಕಡೆಯಿಂದ ಒಂದು ಮಾತಿಲ್ಲ. ಎಸ್‌ಎಸ್‌ಬಿಗೆ ಐದು ದಿನ ಹೋಗಿ ಹೆಸರು ಬರದೆ ತಿರುಗಿ ಬಂದ ದೋಸ್ತ ಒಬ್ಬ ಗ್ರೂಪ್ ಬಿಟ್ಟೇ ಹೋದ. ಎರಡು ವರ್ಷ ನಸಿಕ್ನ್ಯಾಗ ಐದಕ್ಕೆ ಎದ್ದು ಓಡಿದವ. ಫೋನ್ ಮಾಡಿದ್ರ "ಎಲ್ಲಾ ವೇಸ್ಟ್ ಆತಲೇ" ಅಂದ.

ವೇಸ್ಟ್ ಅಂದ್ರ ಏನು? ನಾಯರ್ ಅವರ ತರಬೇತಿ ವೇಸ್ಟ್ ಆಯಿತಾ? ಅವರು ತಯಾರಾಗಿ ನಿಂತಿದ್ದರು ಅಂತಲೇ ಶುಕ್ಲಾ ನಿಶ್ಚಿಂತೆಯಿಂದ ಹತ್ತೋಕೆ ಆಯಿತು. ಹಿಂದೆ ನಿಂತವರಿಲ್ಲದೆ ಮುಂದೆ ಹೋಗೋರಿಲ್ಲ. ದುಃಖ ಆಗೂದಿಲ್ಲ ಅಂತ ನಾನು ಹೇಳಾಕತ್ತಿಲ್ಲ. ಆಗೇ ಆಗ್ತದ. ದುಃಖ ಬ್ಯಾರೆ, ವೇಸ್ಟ್ ಬ್ಯಾರೆ.

8/8
ನನ್ನದೂ ಒಂದು ಮಾತು. ಆರನೇತ್ತಾದಿಂದ ನನಗೆ ಚಸ್ಮಾ. ಫ್ಲೈಯಿಂಗ್ ಬ್ರಾಂಚಿನ ಕಣ್ಣಿನ ನಿಯಮ ಓದಿದ ದಿನವೇ ಪೈಲಟ್ ಆಗೂದು ನನಗಿಲ್ಲ ಅಂತ ಗೊತ್ತಾಯಿತು. ಭಾಳ ದಿನ ವಿಮಾನದ ಸುದ್ದಿನೇ ಓದಲಿಲ್ಲ. ಆಮೇಲೆ ಒಂದು ಹೆಸರು ಸಿಕ್ಕಿತು: ಸ್ಕ್ವಾಡ್ರನ್ ಲೀಡರ್ ಆಶ್ರಿತಾ ವಿ. ಒಲೆಟಿ. ನಮ್ಮ ಚಾಮರಾಜನಗರ ಜಿಲ್ಲೆ ಕೊಳ್ಳೇಗಾಲದವರು. ಪೈಲಟ್ ಅಲ್ಲ, ಫ್ಲೈಟ್ ಟೆಸ್ಟ್ ಎಂಜಿನಿಯರ್. 2021ರಲ್ಲಿ ಎಎಸ್‌ಟಿಇ ಕೋರ್ಸ್ ಮುಗಿಸಿ, ವಾಯುಪಡೆಯಲ್ಲಿ ಆ ಕೆಲಸಕ್ಕೆ ಬಂದ ಮೊದಲ ಮಹಿಳೆ. ಟೆಸ್ಟ್ ಕಾರ್ಡ್ ತಯಾರಿಸೋದು, ಅಂಕಿ ನೋಡೋದು, "ನಿಲ್ಲಿಸಿ" ಅನ್ನೋದು, ಇದೆಲ್ಲ ಪೈಲಟ್ ಮತ್ತು ಎಂಜಿನಿಯರ್ ಕೂಡಿ ಮಾಡೋ ಕೆಲಸ. ಕಾಕ್‌ಪಿಟ್ಟಿನ ಕುರ್ಚಿ ಒಂದೇ ಇದ್ರೂ ಆ ಕೆಲಸಕ್ಕೆ ಕೂಡೋ ಕುರ್ಚಿಗಳು ಭಾಳ ಅದಾವ. ಅದರಾಗ ಒಂದು ಧಾರವಾಡದ ಲ್ಯಾಬಿನಲ್ಲೂ ಐತಿ.

ಈಗ ಕೋರ್ಸ್ ಕೇಳಿದವರಿಗೆ ಉತ್ತರ:

ಪಿಯುಸಿಯಲ್ಲಿ ಫಿಸಿಕ್ಸ್, ಗಣಿತ ಇದ್ದವರು ಎನ್‌ಡಿಎ ಮೂಲಕ ವಾಯುಪಡೆಗೆ ಹೋಗಬಹುದು. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಸ್ತದ. 2022ರಿಂದ ಹುಡುಗಿಯರಿಗೂ ಬಾಗಿಲು ತೆರೆದಿದೆ.
ಡಿಗ್ರಿ ಅಥವಾ ಎಂಜಿನಿಯರಿಂಗ್ ಆದವರಿಗೆ ಎಎಫ್‌ಕ್ಯಾಟ್.
ವಾಯುಪಡೆಯ ಸಂದರ್ಶನ ಮಂಡಳಿ ಮೈಸೂರಿನಲ್ಲೂ ಇದೆ. ಪೈಲಟ್ ಆಗೋರಿಗೆ ಅಲ್ಲಿ ಕಂಪ್ಯೂಟರ್ ಮೇಲೆ ಒಂದು ಪರೀಕ್ಷೆ, ಅದು ಜೀವನದಲ್ಲಿ ಒಂದೇ ಸಲ. ತಯಾರಿ ಇಲ್ಲದೆ ಹೋಗಬ್ಯಾಡ್ರಿ.
ತಮ್ಮ-ತಂಗಿ ಸಣ್ಣವರಿದ್ರ ಇಬ್ಬರಿಗೂ ವಿಜಯಪುರ, ಕೊಡಗಿನ ಸೈನಿಕ ಶಾಲೆ, ಹುಡುಗಿಯರಿಗಂತಲೇ ನಮ್ಮ ಪಕ್ಕದ ಕಿತ್ತೂರಿನ ರಾಣಿ ಚನ್ನಮ್ಮ ಸೈನಿಕ ಶಾಲೆ.
ಯುದ್ಧವಿಮಾನದ ಪೈಲಟ್ ಆಗೋರು ಹಾಕ್ ವಿಮಾನದ ಮೇಲೆ ಕಲಿಯೋದು ನಮ್ಮ ಬೀದರಿನಲ್ಲೇ.
ಅಲ್ಲಿಂದ ಮುಂದೆ ವರ್ಷಗಳ ಹಾರಾಟ, ಆಮೇಲೆ ಬೆಂಗಳೂರಿನ ಟೆಸ್ಟ್ ಪೈಲಟ್ ಶಾಲೆ. ಆಮೇಲೂ ಕಾಯೋದು.

ಗ್ರೂಪ್ ಬಿಟ್ಟು ಹೋದ ದೋಸ್ತ, ಇದನ್ನ ಓದ್ತಿದ್ರ ಕೇಳು. ಐದಕ್ಕೆ ಏಳೂದು ಬಿಡಬ್ಯಾಡ. ಎಎಫ್‌ಕ್ಯಾಟ್ ಇನ್ನೂ ಐತಿ, ಅದೂ ಆಗಲಿಲ್ಲಂದ್ರ ಬ್ಯಾರೆ ಕುರ್ಚಿ ಐತಿ. ಈ ಶನಿವಾರ ನವನಗರದಾಗ ಸಿಗು, ಮಾತಾಡೂಣು. ಗ್ರೂಪಿಗೆ ನಿನ್ನನ್ನ ಮತ್ತೆ ಸೇರಿಸಾಕ ನಾನು ಅಡ್ಮಿನ್ ಅದೀನಿ, ಮರೀಬ್ಯಾಡ.

ಉಳಿದವರು ಪ್ರಶ್ನೆ ಇದ್ರ ಕಮೆಂಟಿನಾಗ ಹಾಕ್ರಿ. ಎಎಫ್‌ಕ್ಯಾಟ್‌ಗೆ ಏನು ಓದಬೇಕು ಅನ್ನೋದನ್ನ ಮುಂದಿನ ವಾರ ಬರೀತೀನಿ.

#ನವನಗರ #ಹುಬ್ಬಳ್ಳಿಧಾರವಾಡ #ಟೆಸ್ಟ್‌ಪೈಲಟ್ #ಗಗನಯಾನ #ಧಾರವಾಡದಮೆಂತೆ